ಡಬ್ಬದ ಹಿಂದೆ ಮೂವತ್ತೊಂದು ವರ್ಷ!

“ಹೆಗಲಿಗೊಂದು ಬ್ಯಾಗು, ಜೇಬಲ್ಲಿ ಬಸ್ ಚಾರ್ಜು ಇದ್ದರೆ ಸಾಕು ಕಣ್ರೀ, ಜನ್ಮವೆಲ್ಲ ಊರೂರು ತಿರುಗ್ತಾ ಇದ್ದುಬಿಡ್ತೀನಿ” ಎನ್ನುವ ಹುಡುಗರು ಆಗಲೂ ಇದ್ದರು, ಈಗಲೂ ಇದ್ದಾರೆ. ಆಗ ಚಿತ್ರದ ನಾಯಕ ಹಾಡು ಹೇಳುತ್ತ ಲಾರಿ ಏರುವುದನ್ನು ನೋಡಿ ಹಾಗನ್ನುತ್ತಿದ್ದರು. ಈಗ ಬೈಕಿನಲ್ಲಿ ಲಡಾಖ್ ಹತ್ತಿದವನ ವಿಡಿಯೋ ನೋಡಿ ಅನ್ನುತ್ತಾರೆ. ಆಸೆ ಅದೇ, ವಾಹನ ಬೇರೆ, ಅಷ್ಟೆ!

ಈ ಆಸೆಯನ್ನು ನಾನು ಗೇಲಿ ಮಾಡುವವನಲ್ಲ. 1978ರಿಂದ 2009ರವರೆಗೆ ನನ್ನ ಬದುಕು ನಡೆದದ್ದೇ ಹಾಗೆ. ನಾನು ನಟನಲ್ಲ, ನಿರ್ದೇಶಕನೂ ಅಲ್ಲ. ಬೆಳ್ಳಿತೆರೆಯ ಮೇಲೆ ನನ್ನ ಹೆಸರು ಒಮ್ಮೆಯೂ ಬಂದಿಲ್ಲ. ನಾನು ರೆಪ್ರೆಸೆಂಟೇಟಿವ್! ಬೆಂಗಳೂರಿನ ಗಾಂಧಿನಗರದಲ್ಲಿರುವ ವಿತರಕರ ಆಫೀಸಿನಿಂದ ಚಿತ್ರದ ಪ್ರಿಂಟಿನ ಜೊತೆ ಹೊರಡುವುದು, ಅದು ಓಡುವ ಊರಲ್ಲೇ ಉಳಿಯುವುದು, ಪ್ರತಿ ಷೋಗೂ ಟಿಕೆಟ್ ಕಟ್ಟಿನ ಶುರುವಿನ ನಂಬರು, ಮುಗಿದ ನಂಬರು ನೋಡಿ ಡಿ.ಸಿ.ಆರ್. ಬರೆಯುವುದು, ಚಿತ್ರ ಎತ್ತಿದ ದಿನ ಡಬ್ಬ ಕಟ್ಟಿಕೊಂಡು ಮುಂದಿನ ಊರಿಗೆ ಹೋಗುವುದು... ಇದು ನನ್ನ ಕೆಲಸ.

ನನ್ನದು ಬಿ.ಕೆ.ಟಿ. ಏರಿಯಾ. ಅಂದರೆ ಬೆಂಗಳೂರು, ಕೋಲಾರ, ತುಮಕೂರು. ಒಂದು ವಾರ ಚಿಂತಾಮಣಿ, ಇನ್ನೊಂದು ವಾರ ಗೌರಿಬಿದನೂರು, ಆಮೇಲೆ ಮಧುಗಿರಿ, ಪಾವಗಡ, ಸಿರಾ, ತಿಪಟೂರು, ಕುಣಿಗಲ್. ಎರಡೂವರೆ ಗಂಟೆಯ ಚಿತ್ರವೆಂದರೆ ಸುಮಾರು ಹದಿನಾಲ್ಕು ರೀಲು. ಒಂದು ರೀಲಿಗೆ 1,000 ಅಡಿ, ಹನ್ನೊಂದು ನಿಮಿಷದ ಆಟ. ಲೆಕ್ಕ ಹಾಕಿ ನೋಡಿ, ನಾಲ್ಕು ಕಿಲೋಮೀಟರಿಗೂ ಹೆಚ್ಚು ಉದ್ದದ ಫಿಲ್ಮನ್ನು ಬಸ್ಸಿನ ಟಾಪಿಗೆ ಏರಿಸಿ ಊರೂರು ಸುತ್ತಿದವನು ನಾನು!

ನನ್ನ ಜೊತೆ ಕೆಲಸಕ್ಕೆ ಸೇರಿದವರಲ್ಲಿ ಎಷ್ಟೋ ಮಂದಿ ಎರಡು ಮೂರು ವರ್ಷಕ್ಕೇ ಬಿಟ್ಟುಹೋದರು. ಧೈರ್ಯ ಸಾಲದೆ ಬಿಟ್ಟವರು ಕಡಿಮೆ. ಹೊಟ್ಟೆ ಕೆಟ್ಟು, ನಿದ್ದೆ ಕೆಟ್ಟು, ಮನೆಯವರ ನಂಬಿಕೆ ಕೆಟ್ಟು ಬಿಟ್ಟವರೇ ಜಾಸ್ತಿ. ಉಳಿದುಕೊಂಡವರನ್ನು ನೋಡಿ ನಾನು ಕಲಿತದ್ದು ಒಂದೇ ಮಾತು. ಮನೆಯಲ್ಲಿ ಕೂತವನಿಗಿಂತ ಊರೂರು ತಿರುಗುವವನಿಗೇ ಕಟ್ಟುಪಾಡು ಹೆಚ್ಚು ಬೇಕು. ‘ಸ್ವತಂತ್ರವಾಗಿ ಅಲೀಬೇಕು ಅಂತ ತಾನೇ ಹೊರಡೋದು, ಕಟ್ಟುಪಾಡು ಎಲ್ಲಿಂದ ಬಂತು?’ ಅಂತೀರಾ? ಕೇಳಿ.

ದುಡ್ಡು

ಮೊದಲನೇ ಅಡ್ಡಿ ದುಡ್ಡು. ನಮಗೆ ತಿಂಗಳ ಸಂಬಳ ಬೇರೆ, ಊರಲ್ಲಿ ಉಳಿದ ಪ್ರತಿ ದಿನಕ್ಕೂ ಕೊಡುವ ಬ್ಯಾಟಾ ಬೇರೆ. ಎರಡೂ ಒಂದೇ ಜೇಬಿಗೆ ಬಿದ್ದರೆ ತಿಂಗಳ ಕೊನೆಗೆ ಎರಡೂ ಇರೋದಿಲ್ಲ! ನಾನು ಮಾಡಿಕೊಂಡಿದ್ದ ಕಟ್ಟಳೆ ಇಷ್ಟೆ: ಬ್ಯಾಟಾದಲ್ಲಿ ಬದುಕು, ಸಂಬಳ ಮನೆಗೆ. ಸಂಬಳ ಕೈಗೆ ಬಂದ ಮಾರನೇ ದಿನವೇ ಯಾವ ಊರಲ್ಲಿದ್ದರೂ ಪೋಸ್ಟಾಫೀಸಿಗೆ ಹೋಗಿ ಮನಿಯಾರ್ಡರ್ ಮಾಡಿಬಿಡುತ್ತಿದ್ದೆ.

ಇನ್ನೊಂದಿದೆ. ಪ್ಯಾಂಟಿನ ಒಳಜೇಬಿನಲ್ಲಿ ನನ್ನ ಊರಿಗೆ ವಾಪಸ್ ಹೋಗುವ ಬಸ್ ಚಾರ್ಜು ಸದಾ ಇರುತ್ತಿತ್ತು. ಅದನ್ನು ಕಾಫಿಗೂ ಮುಟ್ಟುವಂತಿಲ್ಲ, ಸಿಗರೇಟಿಗೂ ಮುಟ್ಟುವಂತಿಲ್ಲ. ಈಗಿನ ಹುಡುಗರು ಫೋನಿನಲ್ಲೇ ದುಡ್ಡು ಕೊಡ್ತಾರೆ, ಸಂತೋಷ. ಆದರೆ ಬ್ಯಾಟರಿ ಸತ್ತ ರಾತ್ರಿ, ನೆಟ್‌ವರ್ಕ್ ಇಲ್ಲದ ಊರಲ್ಲಿ, ಆ ಫೋನು ಬರೀ ಗಾಜಿನ ಬಿಲ್ಲೆ! ಒಳಜೇಬಿನ ನೋಟು ಮಾತ್ರ ಯಾವ ಕಾಲಕ್ಕೂ ಓಡುತ್ತದೆ.

ಹೊಟ್ಟೆ

ಎರಡನೆಯದು ಹೊಟ್ಟೆ. ಈ ವಿಷಯದಲ್ಲಿ ನಮಗಿಂತ ಮೊದಲು ಊರೂರು ತಿರುಗಿದ ನಾಟಕದವರು ಬಹಳ ಬುದ್ಧಿವಂತರು. ನಮ್ಮ ಅಣ್ಣಾವ್ರು 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ತೆರೆಗೆ ಬರುವ ಮೊದಲು ತಂದೆ ಪುಟ್ಟಸ್ವಾಮಯ್ಯನವರ ಜೊತೆ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿದ್ದವರು. ನರಸಿಂಹರಾಜು, ಬಾಲಣ್ಣ ಕೂಡ ಕಂಪನಿ ನಾಟಕಗಳಿಂದಲೇ ಬಂದವರು. ಒಂದು ಊರಲ್ಲಿ ಕ್ಯಾಂಪು ಮುಗಿಸಿ, ಪರದೆ, ಪೆಟ್ಟಿಗೆ, ಹೆಂಗಸರು ಮಕ್ಕಳು ಎಲ್ಲ ಸೇರಿ ಮುಂದಿನ ಊರಿಗೆ ಹೊರಡುವ ಬದುಕು ಅದು. ಕಂಪನಿಯ ಅಡಿಗೆಯೂ ಜೊತೆಗೇ ಹೋಗುತ್ತಿತ್ತು. ಊರು ಬದಲಾದರೂ ತಟ್ಟೆಯಲ್ಲಿನ ಅನ್ನ ಸಾರು ಬದಲಾಗುತ್ತಿರಲಿಲ್ಲ. ಗುಟ್ಟು ಅಲ್ಲಿದೆ ನೋಡಿ!

ಒಂಟಿ ರೆಪ್ರೆಸೆಂಟೇಟಿವ್‌ಗೆ ಅಡಿಗೆಯವನನ್ನು ಯಾರು ಕೊಡ್ತಾರೆ? ಅದಕ್ಕೇ ನಾನು ಪ್ರತಿ ಊರಲ್ಲೂ ಒಂದೇ ಮೆಸ್ಸು ಹಿಡಿದೆ. ದಿನಕ್ಕೊಂದು ಹೋಟ್ಲು ಹುಡುಕಿ ರುಚಿ ನೋಡುವ ಚಪಲ ಬಿಟ್ಟೆ. ಬೆಳಿಗ್ಗೆ ಬಿಸಿ ಇಡ್ಲಿ, ಮಧ್ಯಾಹ್ನ ಊಟ, ಸಂಜೆ ಫಸ್ಟ್ ಷೋ ಶುರುವಾದ ಮೇಲೆ ಏಳೂವರೆಗೆಲ್ಲ ಮೊಸರನ್ನ. ಸೆಕೆಂಡ್ ಷೋ ಬಿಟ್ಟು ರಾತ್ರಿ ಒಂದು ಗಂಟೆಗೆ ಗಾಡಿ ಅಂಗಡಿಯಲ್ಲಿ ತಿಂದವರು ಆಸ್ಪತ್ರೆ ಕಂಡರು, ನಾನು ಕಾಣಲಿಲ್ಲ.

ನೀರಿನ ವಿಷಯಕ್ಕೆ ಪಾವಗಡ ನನಗೆ ಗುರು. ಆ ಸೀಮೆಯ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಇದೆ. ಹಲ್ಲು ಕಲೆಗಟ್ಟುತ್ತದೆ, ಬಹುಕಾಲ ಕುಡಿದವರ ಮೂಳೆಯೂ ಹಾಳಾಗುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ಹಾಗಾಗಿ ಯಾವ ಊರಿಗೆ ಹೋದರೂ ಲಾಡ್ಜಿನ ನಲ್ಲಿಗೆ ಬಾಯಿ ಹಾಕುವ ಮೊದಲು “ನಿಮ್ಮ ಮನೆಗೆ ಕುಡಿಯೋ ನೀರು ಎಲ್ಲಿಂದ ತರ್ತೀರಿ?” ಎಂದು ಊರಿನವರನ್ನೇ ಕೇಳುತ್ತಿದ್ದೆ. ಅವರು ಕುಡಿಯುವುದನ್ನೇ ಕುಡಿಯುತ್ತಿದ್ದೆ.

ನಿದ್ದೆ

ಮೂರನೆಯದು ನಿದ್ದೆ. ಶುಕ್ರವಾರ ಹೊಸ ಚಿತ್ರ ಬೀಳಬೇಕು. ಅಂದರೆ ಗುರುವಾರ ಸೆಕೆಂಡ್ ಷೋ ಮುಗಿದ ಮೇಲೆ ಪ್ರಿಂಟು ಊರು ಬಿಡಬೇಕು. ರಾತ್ರಿ ಬಸ್ಸಿಲ್ಲದ ಕಡೆ ಲಾರಿಯೇ ಗತಿ. ನಾನು ಗುರುವಾರ ಮಧ್ಯಾಹ್ನ ಮ್ಯಾಟಿನಿ ಲೆಕ್ಕ ಮುಗಿಸಿದವನೇ ರೂಮಿನ ಬಾಗಿಲು ಹಾಕಿ ಎರಡು ಗಂಟೆ ಮಲಗಿಬಿಡುತ್ತಿದ್ದೆ. ಯಾರು ಕರೆದರೂ ಏಳುತ್ತಿರಲಿಲ್ಲ! ಲಾರಿ ಹತ್ತುವ ಮೊದಲು ಡ್ರೈವರನ್ನು ಮಾತಾಡಿಸಿ, “ಅಣ್ಣಾ, ಎಲ್ಲಿಂದ ಬರ್ತಿದ್ದೀರಿ? ಎಷ್ಟೊತ್ತಿಗೆ ಹೊರಟಿರಿ?” ಎಂದು ಕೇಳುತ್ತಿದ್ದೆ. ಬೆಳಗಿನಿಂದ ಓಡಿಸಿದವನಾದರೆ ಕೈಮುಗಿದು ಇಳಿದುಬಿಡುತ್ತಿದ್ದೆ.

ರಸ್ತೆ ಯಾರ ಮುಖವನ್ನೂ ನೋಡುವುದಿಲ್ಲ, ಗೆಳೆಯರೇ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನ ಬಳಿ ನಮ್ಮ ಶಂಕರಣ್ಣ ರಸ್ತೆ ಅಪಘಾತದಲ್ಲಿ ಹೋದಾಗ ಅವರಿಗೆ ಮೂವತ್ತಾರೂ ತುಂಬಿರಲಿಲ್ಲ. ಚಿತ್ರೀಕರಣಕ್ಕೆಂದು ಹೊರಟಿದ್ದರು. ಇಡೀ ಕರ್ನಾಟಕವೇ ಅತ್ತಿತು. ಆ ದಿನದಿಂದ ನಾನು ರಾತ್ರಿ ಪ್ರಯಾಣವನ್ನು ಸಾಹಸ ಎಂದು ಕರೆದಿಲ್ಲ. ಬೇರೆ ದಾರಿಯಿಲ್ಲದಿದ್ದರೆ ಮಾತ್ರ ಮಾಡಿದ್ದೇನೆ.

ವಿಳಾಸ

ಈಗ ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು. ತಿರುಗುವವನಿಗೆ ವಿಳಾಸ ಇರುವುದಿಲ್ಲ. ಮನೆಯಲ್ಲಿ ಏನಾದರೂ ಆದರೆ ಅವನನ್ನು ಎಲ್ಲಿ ಹುಡುಕೋದು?

ನಾನು ಕೆಲಸಕ್ಕೆ ಸೇರಿದ ವರ್ಷವೇ ತಂದೆ ತೀರಿಕೊಂಡಿದ್ದರು. ತುರುವೇಕೆರೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅಮ್ಮ ಮತ್ತು ಓದುತ್ತಿದ್ದ ತಮ್ಮ ಇಬ್ಬರೇ. ಅಮ್ಮನಿಗೆ ಓದು ಬಾರದು. ಹೊರಡುವಾಗ ಅವರು ಹೇಳಿದ್ದು ಒಂದೇ ಮಾತು: “ಮಗಾ, ನೀನು ಎಲ್ಲಾದ್ರೂ ಇರು. ಎಲ್ಲಿದ್ದೀಯ ಅಂತ ನಂಗೆ ಗೊತ್ತಿರ್ಲಿ.”

ಅದಕ್ಕೆ ಪ್ರತಿ ಗುರುವಾರ ಬೆಳಿಗ್ಗೆ ಒಂದು ಕಾರ್ಡು. ಅದರಲ್ಲಿ ಕಥೆ ಪುರಾಣ ಏನೂ ಇಲ್ಲ. ಮುಂದಿನ ವಾರ ಯಾವ ಊರು, ಯಾವ ಥಿಯೇಟರು, ಎಷ್ಟು ದಿನ. ಕೊನೆಗೆ ‘ಕ್ಷೇಮ’. ಜೊತೆಯವರು ನಗುತ್ತಿದ್ದರು, “ಏನ್ ಸ್ವಾಮಿ, ಲವ್ ಲೆಟರಾ?” ಅಂತ. ನಗಲಿ ಬಿಡಿ!

1984ರ ಮಳೆಗಾಲ. ನಾನು ಚಿಂತಾಮಣಿಯಲ್ಲಿದ್ದೆ. ಫಸ್ಟ್ ಷೋ ಇಂಟರ್‌ವಲ್ ಬಿಟ್ಟಿದೆ, ಟೆಲಿಗ್ರಾಂ ಬಂತು. ‘ತಾಯಿಗೆ ಸೀರಿಯಸ್, ತುಮಕೂರು ಆಸ್ಪತ್ರೆ, ಕೂಡಲೇ ಹೊರಡು.’ ಥಿಯೇಟರ್ ಮ್ಯಾನೇಜರ್ ನನ್ನ ಕೈಯಿಂದ ಟಿಕೆಟ್ ಕಟ್ಟು ಕಿತ್ತುಕೊಂಡು, “ಲೆಕ್ಕ ನಾನು ಬರೀತೀನಿ, ನೀವು ಮೊದಲು ಹೊರಡಿ ಸಾರ್” ಅಂದರು. ಅಲ್ಲಿಂದ ಬೆಂಗಳೂರು, ಬೆಂಗಳೂರಿಂದ ತುಮಕೂರು, ಬೆಳಗಾಗುವ ಮುಂಚೆ ವಾರ್ಡಿನ ಬಾಗಿಲಲ್ಲಿ ನಿಂತಿದ್ದೆ. ಅಪೆಂಡಿಕ್ಸ್ ಒಡೆದಿದೆ, ಆಪರೇಷನ್ ಆಗಬೇಕು. ಒಪ್ಪಿಗೆಯ ಕಾಗದ ಹಿಡಿದುಕೊಂಡು ಹದಿನೈದು ವರ್ಷದ ತಮ್ಮ ಅಳುತ್ತಾ ನಿಂತಿದ್ದಾನೆ. ಸಹಿ ಹಾಕಿದೆ. ಅಮ್ಮ ಉಳಿದರು. ಆಮೇಲೆ ಹದಿನೈದು ವರ್ಷ ನನ್ನ ಕಾರ್ಡುಗಳನ್ನು ತಮ್ಮನ ಕೈಲಿ ಓದಿಸಿಕೊಂಡು, ದಾರದಲ್ಲಿ ಪೋಣಿಸಿ ಇಟ್ಟುಕೊಂಡಿದ್ದರು.

ಆ ಟೆಲಿಗ್ರಾಂ ನನ್ನನ್ನು ಹುಡುಕಿಕೊಂಡು ಬಂದದ್ದು ಒಂದು ಕಾರ್ಡಿನ ದೆಸೆಯಿಂದ. ತಂತಿ ಸೇವೆ 2013ರ ಜುಲೈನಲ್ಲಿ ನಿಂತೇಹೋಯಿತು. ಈಗ ಎಲ್ಲರ ಜೇಬಲ್ಲೂ ಫೋನಿದೆ. ಆದರೆ ‘ನಾಳೆ ಇಂಥಾ ಕಡೆ ಇರ್ತೀನಿ’ ಎಂದು ತಾನಾಗಿ ಹೇಳುವ ಅಭ್ಯಾಸವನ್ನು ಫೋನು ಕಲಿಸುವುದಿಲ್ಲ. ಅದನ್ನು ನಾವೇ ಕಲಿಯಬೇಕು.

ಹೆಣ್ಣು ಯಾರು ಕೊಡ್ತಾರೆ?

ಐದನೆಯದನ್ನು ಕೇಳೋಕೆ ನಿಮಗೆಲ್ಲ ಕುತೂಹಲ ಅಂತ ಗೊತ್ತು! ಊರೂರು ಅಲೆಯುವವನಿಗೆ ಮದುವೆ ಹೇಗೆ?

“ಹುಡುಗ ಎಲ್ಲಿರ್ತಾನೆ?” ಎಂದು ಹೆಣ್ಣಿನ ಕಡೆಯವರು ಕೇಳುವುದು, “ಈ ವಾರ ಸಿರಾ, ಬರೋ ವಾರ ಮಧುಗಿರಿ” ಎಂದು ನಮ್ಮ ಸೋದರಮಾವ ಹೇಳುವುದು, ಅವರು ಕಾಫಿ ಲೋಟ ಕೆಳಗಿಡುವುದು... ಹೀಗೆ ನಾಲ್ಕು ಸಂಬಂಧ ಮುರಿದವು. ಐದನೆಯ ಕಡೆ ಹುಡುಗಿ ಪ್ರೈಮರಿ ಸ್ಕೂಲ್ ಮೇಡಂ. ನೇರವಾಗಿ ನನ್ನನ್ನೇ ಕೇಳಿದಳು, “ವರ್ಷಕ್ಕೆ ಎಷ್ಟು ದಿನ ಮನೇಲಿರ್ತೀರಿ?” ಸುಳ್ಳು ಹೇಳುವುದು ಬೇಡ ಅನ್ನಿಸಿತು. ಜೇಬಿನ ಡೈರಿ ತೆಗೆದು ಎಣಿಸಿ, “ಹೋದ ವರ್ಷ ಐವತ್ತೆಂಟು ದಿನ” ಎಂದೆ. ಹುಡುಗಿಯ ತಂದೆಯ ಮುಖ ಕಪ್ಪಾಯಿತು. ಅವಳು ಮಾತ್ರ ಒಳಗೆ ಹೋಗಿ ತಾಯಿಗೆ, “ಐವತ್ತೆಂಟು ಅಂತ ಲೆಕ್ಕ ಇಟ್ಟಿದ್ದಾರಲ್ಲಮ್ಮ, ಇವರು ಮಾತು ಉಳಿಸ್ಕೋತಾರೆ” ಅಂದಳಂತೆ. 1986ರಲ್ಲಿ ಮದುವೆಯಾಯಿತು.

ಅವಳಿಗೆ ಅವಳದೇ ಕೆಲಸ, ಅವಳದೇ ಸಂಬಳ ಇತ್ತು. ಅದು ನನ್ನ ಪುಣ್ಯ. ನನ್ನ ದಾರಿ ಕಾಯುವುದೇ ಅವಳ ಉದ್ಯೋಗವಾಗಲಿಲ್ಲ. ಆದರೆ ಹಬ್ಬಕ್ಕೆ ನಾನು ಬರುವಂತಿರಲಿಲ್ಲ. ಯುಗಾದಿ, ಗಣೇಶನ ಹಬ್ಬ, ದಸರಾ ಅಂದರೆ ಥಿಯೇಟರಿಗೆ ಹೌಸ್‌ಫುಲ್ ದಿನಗಳು. ರಜಾ ಕೇಳಿದರೆ ಕೆಲಸವೇ ರಜಾ! ಹಾಗಾಗಿ ನಮ್ಮ ಮನೆಯಲ್ಲಿ ಯುಗಾದಿ ಹದಿನೈದು ದಿನ ತಡವಾಗಿ ಬರುತ್ತಿತ್ತು. ಹೋಳಿಗೆ ಅಷ್ಟೇ ಸಿಹಿಯಾಗಿರುತ್ತಿತ್ತು. ನಮ್ಮ ಮಕ್ಕಳು ಬಹಳ ದಿನ, ಅಪ್ಪ ಬಂದ ದಿನವೇ ಹಬ್ಬ ಅಂತ ತಿಳಿದಿದ್ದರು.

ಒಂಟಿತನ

ಇನ್ನು ಒಂಟಿತನ. ಸಾವಿರ ಜನ ಚಪ್ಪಾಳೆ ಹೊಡೆದು ಹೋದ ಮೇಲೆ ಥಿಯೇಟರಿನ ದೀಪ ಆರುತ್ತದಲ್ಲ, ಆಗ ಲಾಡ್ಜಿನ ಕಡೆ ನಡೆಯುವವನ ಎದೆಯಲ್ಲಿ ಆಗುವ ಸಂಕಟ ಇದೆಯಲ್ಲ, ಅದನ್ನು ಬಾಟ್ಲಿಯಲ್ಲಿ ಮುಳುಗಿಸಲು ಹೋದವರು ತಾವೇ ಮುಳುಗಿದರು. ನಾನು ಕಂಡುಕೊಂಡ ಉಪಾಯ: ಪ್ರತಿ ಊರಲ್ಲೂ ನಮ್ಮ ಕಸುಬಿಗೆ ಸಂಬಂಧವಿಲ್ಲದ ಒಬ್ಬ ಗೆಳೆಯ. ಚಿಂತಾಮಣಿಯಲ್ಲಿ ಒಬ್ಬ ಸೈಕಲ್ ಷಾಪಿನವನು, ತಿಪಟೂರಿನಲ್ಲಿ ಕೊಬ್ಬರಿ ಮಂಡಿಯ ಗುಮಾಸ್ತ, ಗೌರಿಬಿದನೂರಿನಲ್ಲಿ ಲೈಬ್ರರಿ ನೋಡಿಕೊಳ್ಳುವವರು. ಬೆಳಗಿನ ಹೊತ್ತು ಅವರ ಬಳಿ ಅರ್ಧ ಗಂಟೆ ಕೂತರೆ ಆ ಊರು ನನ್ನದಾಗುತ್ತಿತ್ತು. ಆ ಊರಿಗೆ ಮತ್ತೆ ಬಂದಾಗ, “ಏನ್ ಸಾರ್, ಬಹಳ ದಿನ ಆಯ್ತು” ಎನ್ನುವ ಒಬ್ಬನಿದ್ದರೆ ಸಾಕು. ಅವನೇ ತಿರುಗುವವನ ಸೊಂತ ಆಸ್ತಿ.

ಕೊನೆಯ ಅಡ್ಡಿ

ಯಾರೂ ಹೇಳದ ಅಡ್ಡಿ ಇನ್ನೊಂದಿದೆ. ರಸ್ತೆ ಇದ್ದಲ್ಲೇ ಇರುತ್ತದೆ, ಕಸುಬು ಹೊರಟುಹೋಗುತ್ತದೆ! ಉಪಗ್ರಹದಿಂದ, ಹಾರ್ಡ್ ಡಿಸ್ಕಿನಿಂದ ಚಿತ್ರ ಥಿಯೇಟರಿಗೆ ಬರತೊಡಗಿದಾಗ ರೀಲಿನ ಡಬ್ಬಕ್ಕೆ ಕೆಲಸವಿಲ್ಲವಾಯಿತು. ಡಬ್ಬವಿಲ್ಲದ ಮೇಲೆ ಅದರ ಹಿಂದೆ ಹೋಗುವವನೂ ಕಡಿಮೆಯಾದ. ನನ್ನನ್ನು ಕಾಪಾಡಿದ್ದು ಲೆಕ್ಕ. ಮೂವತ್ತೊಂದು ವರ್ಷ ಪೈಸೆ ತಪ್ಪದೆ ಡಿ.ಸಿ.ಆರ್. ಬರೆದ ಕೈಗೆ ತಿಪಟೂರಿನ ಅದೇ ಕೊಬ್ಬರಿ ಮಂಡಿಯಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿತು. ಕೊಡಿಸಿದವನು ಆ ಗುಮಾಸ್ತ ಗೆಳೆಯ. ಕ್ಯಾಮೆರಾ ಹಿಡಿದು ತಿರುಗುವ ತಮ್ಮಂದಿರಿಗೆ ಅದಕ್ಕೇ ಹೇಳುವುದು: ತಿರುಗಾಟವನ್ನೇ ನಂಬಿಕೊಂಡು ಹೊರಡಬೇಡಿ. ಯಾವ ಊರಲ್ಲಿ ಇಳಿದರೂ ಕೂಲಿ ಹುಟ್ಟುವ ಒಂದು ಕೈಕೆಲಸ ಕಲಿತು ಹೊರಡಿ. ಎಲೆಕ್ಟ್ರಿಕಲ್ ಆಗಲಿ, ಅಡಿಗೆಯಾಗಲಿ, ಲೆಕ್ಕವಾಗಲಿ.

ಈಗ ನಾನು ಮನೆಯಲ್ಲೇ ಇರುತ್ತೇನೆ. ನನ್ನ ಹೆಂಡತಿಗೆ ನಿವೃತ್ತಿಯಾಗಿದೆ. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ ಅಂತ ಆದ ಮೇಲೆ, ಹಳೇ ಸ್ಕೂಲಿನ ನಾಲ್ಕು ಜನ ಮೇಡಂಗಳನ್ನು ಕಟ್ಟಿಕೊಂಡು ಹೊರಟುಬಿಡುತ್ತಾಳೆ. ಒಮ್ಮೆ ಧರ್ಮಸ್ಥಳ, ಒಮ್ಮೆ ಹಂಪಿ, ಒಮ್ಮೆ ಬಾದಾಮಿ. ಯಾವ ಊರಿಗೆ ಇಳಿದರೂ ಮೊದಲು ನನಗೆ ಫೋನು: “ಇಲ್ಲಿದ್ದೀನಿ, ಬೆಳಿಗ್ಗೆ ಇಂಥಾ ಕಡೆ ಹೋಗ್ತೀವಿ, ಊಟ ಆಯ್ತು, ನೀವು ಮಲಗಿ.”

ನಾನು ಅದನ್ನು ಡೈರಿಯಲ್ಲಿ ಬರೆದಿಡುತ್ತೇನೆ. ಹೋದ ವರ್ಷ ಅವಳು ಮನೆಯ ಹೊರಗೆ ಇದ್ದದ್ದು ನಲವತ್ತೊಂದು ದಿನ!