ಏಳರಲ್ಲಿ ಮೂವರು

20 ಏಪ್ರಿಲ್ 2025, ಭಾನುವಾರ, ಲೋಕಿಕೆರೆ

ಬೆಂಗಳೂರಿನಿಂದ ತಮ್ಮನ ಫೋನು. 'ಅಕ್ಕಾ, ಜಪಾನಿನಾಗೆ ಪಾರ್ಕಿನ್ಸನ್‌ಗೆ ಮಿದುಳೊಳಗೇ ಹೊಸ ಜೀವಕೋಶ ಹಾಕ್ಯಾರಂತೆ. ಇಲ್ಲೂ ಒಂದು ಕಡೆ ಸ್ಟೆಮ್ ಸೆಲ್ ಕೊಡ್ತಾರೆ.' ಎಷ್ಟಂತೆ ಅಂದೆ. ಲಕ್ಷಗಳಲ್ಲಿ ಹೇಳಿದ. ತೋಟದ ಮೇಲೆ ಸಾಲ ಎತ್ತೋಣ ಎಂಬುದು ಅವನ ವಾದ. ಕಾಯಿಲೆ ಇರುವುದು ಅಪ್ಪಾಜಿಗೆ, ಅವರಿಗೆ ಇನ್ನೂ ಹೇಳಿಲ್ಲ.

22 ಏಪ್ರಿಲ್, ಮಂಗಳವಾರ, ದಾವಣಗೆರೆ

ಪೇಪರ್ ತಿದ್ದುವ ಕೆಲಸ ಬದಿಗಿಟ್ಟು ಓದಿದೆ. ಸುದ್ದಿ ನಿಜ, ಮೊನ್ನೆ 16ರಂದು 'ನೇಚರ್'ನಲ್ಲಿ ಬಂದಿದೆ. ಕ್ಯೋಟೋದ ಜುನ್ ತಕಹಾಶಿ ತಂಡ ಆರೋಗ್ಯವಂತ ದಾನಿಯೊಬ್ಬರ ರಕ್ತಕೋಶವನ್ನು ಮತ್ತೆ ಕಾಂಡಕೋಶವಾಗಿಸಿ, ಅದರಿಂದ ಡೋಪಮೈನ್ ನರಕೋಶದ ಎಳೆಯ ಕೋಶಗಳನ್ನು ಬೆಳೆಸಿ 7 ಜನರ ಮಿದುಳಿಗೆ ಹಾಕಿದೆ. ಪರಿಣಾಮ ಅಳೆದ 6 ಮಂದಿಯಲ್ಲಿ 4 ಮಂದಿಗೆ ಮಾತ್ರೆಯ ಪ್ರಭಾವ ಇಳಿದಾಗಲೂ ಚಲನೆ ಸುಧಾರಿಸಿತ್ತು. ಕೋಶಗಳನ್ನು ಹಾಕಿದ್ದು ಈ ಕಾಯಿಲೆಯಲ್ಲಿ ಹಳೆಯವು ಸತ್ತ ಜಾಗಕ್ಕಲ್ಲ, ಅವು ಡೋಪಮೈನ್ ಸುರಿಸುತ್ತಿದ್ದ ಪುಟಾಮೆನ್ ಭಾಗಕ್ಕೆ.

ತಮ್ಮ ಹೇಳುವುದು ಇದಲ್ಲವೇ ಅಲ್ಲ. ರೋಗಿಯ ಮೂಳೆಮಜ್ಜೆಯಿಂದಲೇ ತೆಗೆದ ಕೋಶ. ಬೆಂಗಳೂರಿನಲ್ಲಿ ಡಾ. ವೆಂಕಟರಮಣ ಮತ್ತು ಸಂಗಡಿಗರು ಅದನ್ನು 7 ರೋಗಿಗಳ ಮಿದುಳಿಗೆ ಹಾಕಿ 2010ರಲ್ಲಿ ವರದಿ ಪ್ರಕಟಿಸಿದ್ದರು. ಅಪಾಯವಾಗಲಿಲ್ಲ, ಮೂವರಿಗೆ ಗುಣ ಕಂಡಿತು. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪೇ ಇರಲಿಲ್ಲ. ಆ ಮೂವರಿಗೆ ಗುಣ ಕೊಟ್ಟಿದ್ದು ಕೋಶವೋ, ಕೊಟ್ಟರೆಂಬ ನಂಬಿಕೆಯೋ? ಕ್ಯೋಟೋದವರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ.

27 ಏಪ್ರಿಲ್, ಭಾನುವಾರ, ಲೋಕಿಕೆರೆ

ಅಪ್ಪಾಜಿಗೆ ಎಲ್ಲ ಹೇಳಿದೆ. ಬಲಿತ ನರಕೋಶವನ್ನಲ್ಲ, ಎಳೆಯದನ್ನೇ ಹಾಕುತ್ತಾರೆ ಎಂದರೆ ಅವರಿಗೆ ವಿವರಣೆಯೇ ಬೇಕಾಗಲಿಲ್ಲ. 'ಸಸಿ ಬಲಿತ್ರೆ ನಾಟಿ ಮಾಡಿದ್ರೂ ಬೇರು ಹಿಡಿಯಲ್ಲ ಬಿಡು.'

ಅಮೆರಿಕದ ಪ್ರಯೋಗದ ಕಥೆಗೆ ಮಾತ್ರ ಕಣ್ಣು ಅಗಲಿಸಿದರು. 2001ರಲ್ಲಿ ಕರ್ಟ್ ಫ್ರೀಡ್ ತಂಡ ಪ್ರಕಟಿಸಿದ್ದು: 20 ಮಂದಿಗೆ ಭ್ರೂಣದ ಕೋಶ, 20 ಮಂದಿಗೆ ತಲೆಬುರುಡೆಯಲ್ಲಿ ತೂತು ಮಾತ್ರ. ಯಾರಿಗೆ ಯಾವುದೆಂದು ರೋಗಿಗೆ ಗೊತ್ತಿಲ್ಲ. 60 ದಾಟಿದವರಿಗೆ ಹೆಚ್ಚೇನೂ ಲಾಭವಾಗಲಿಲ್ಲ. ಕೋಶ ಪಡೆದ ಕೆಲವರಿಗೆ ಆಮೇಲೆ ಮೈ ತಾನಾಗಿ ತಿರುಚುವ ಕಾಟ ಅಂಟಿಕೊಂಡಿತು. ಇನ್ನೂ ಸೋಜಿಗವೆಂದರೆ, ತಮಗೆ ಕೋಶ ಸಿಕ್ಕಿದೆ ಎಂದುಕೊಂಡವರು, ಸಿಗದಿದ್ದರೂ, ಬದುಕು ಹಗುರಾಯಿತು ಎಂದಿದ್ದರು.

'ತಲೆಗೆ ತೂತ ಹೊಡೆದು ಏನೂ ಹಾಕದೆಂಗೆ ಹೊಲಿದು ಕಳಿಸ್ತಾರೇನಮ್ಮ?'

ಹೂಂ ಅಂದೆ.

'ಹಂಗಾರೆ ನನಿಗೆ ಖಾಲಿ ತೂತೇ ಸಾಕು. ಅಗ್ಗ ಇರ್ತತಲ್ಲ!'

ನಕ್ಕಿದ್ದಕ್ಕೆ ಕೈಯಲ್ಲಿದ್ದ ಲೋಟದ ಚಹಾ ಪಂಚೆ ಮೇಲೆ ಚೆಲ್ಲಿತು. ಅದಕ್ಕೂ ನಕ್ಕರು. ಅವರ ಮಲಬದ್ಧತೆ, ವಾಸನೆ ಸರಿಯಾಗಿ ತಿಳಿಯದಿರುವುದು, ರಾತ್ರಿ ಕನಸಿನಲ್ಲಿ ಕೂಗಾಡುವುದು ಇವೆಲ್ಲ ಡೋಪಮೈನ್ ಒಂದರಿಂದಲೇ ಸರಿಯಾಗುವಂಥವಲ್ಲ ಎಂಬುದನ್ನು ಹೇಳಲು ಮನಸ್ಸಾಗಲಿಲ್ಲ.

2 ಮೇ, ಶುಕ್ರವಾರ, ದಾವಣಗೆರೆ

ಆ ಸ್ಟೆಮ್ ಸೆಲ್ ಕೊಡುವವರ ನಂಬರನ್ನು ತಮ್ಮ ಕೊಟ್ಟಿದ್ದ, ನಾನೇ ಮಾತಾಡಿದೆ. ಇದು ಪ್ರಯೋಗವೋ ಚಿಕಿತ್ಸೆಯೋ? ಪ್ರಯೋಗವಾದರೆ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ ಕೊಡಿ. ಐಸಿಎಂಆರ್ 2017ರ ಮಾರ್ಗಸೂಚಿಯಂತೆ ಇಂಥ ಪ್ರಯೋಗಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ, ಮತ್ತೆ ಈ ಲಕ್ಷಗಳು ಏತಕ್ಕೆ? ಫೋನ್ ಎತ್ತಿದ ಹುಡುಗಿ 'ಸರ್ ಹತ್ರ ಕೇಳಿ ಹೇಳ್ತೀನಿ ಮೇಡಂ' ಅಂದಳು. ಅವಳದೇನು ತಪ್ಪು.

11 ಮೇ, ಭಾನುವಾರ, ಲೋಕಿಕೆರೆ

ಅಲ್ಲಿಂದ ಮರುಫೋನು ಬಂದಿಲ್ಲ. ಸಾಲದ ಮಾತು ನಿಂತಿದೆ, ತಮ್ಮನ ಸಿಟ್ಟು ಇಳಿದಿಲ್ಲ. 'ನಿಂಗೆ ಎಲ್ಲದಕ್ಕೂ ಪುರಾವೆ ಬೇಕು' ಅಂದ. ಬೇಕು. ಮಿದುಳಿಗೆ ಕೈ ಹಾಕುವಾಗ ಬೇಕೇ ಬೇಕು. ಮಾತ್ರೆಯ ಹೊತ್ತು ಬದಲಿಸಬಹುದೇ, ಡಿಬಿಎಸ್‌ಗೆ (ಮಿದುಳಿನಾಳಕ್ಕೆ ವಿದ್ಯುತ್ ಪ್ರಚೋದನೆ ಕೊಡುವ ಶಸ್ತ್ರಚಿಕಿತ್ಸೆ) ಅಪ್ಪಾಜಿಯ ವಯಸ್ಸು ಮೀರಿದೆಯೇ ಎಂದು ಕೇಳಲು ಮುಂದಿನ ವಾರ ನಿಮ್ಹಾನ್ಸ್‌ಗೆ ಅವನೇ ಕರೆದೊಯ್ಯುತ್ತಾನಂತೆ.