ಪೊರೆ ಬಲಿಯಲಿ!

ಕಿವಿ ಮಂದವಾದರೆ ನೆರೆಹೊರೆಗೆಲ್ಲ ಗೊತ್ತಾಗುತ್ತದೆ; ಕಣ್ಣು ಮೆಲ್ಲಮೆಲ್ಲನೆ ಮಂದವಾದರೆ ಕಣ್ಣಿನ ಒಡೆಯನಿಗೇ ಗೊತ್ತಾಗುವುದಿಲ್ಲ. ದೀಪದ ಬೆಳಕು ಸಾಲದು, ಪತ್ರಿಕೆಯವರು ಅಕ್ಷರವನ್ನು ಸಣ್ಣದು ಮಾಡಿದ್ದಾರೆ—ತಪ್ಪೆಲ್ಲ ಲೋಕದ್ದೇ. ಕಡೆಗೆ "ವಯಸ್ಸಾಯಿತು, ಇನ್ನೇನು" ಎಂಬ ಮಾತೊಂದು ಸಿದ್ಧವಾಗಿಯೇ ಇದೆ. ಈ ಮಾತಿಗೂ, "ಪೊರೆ ಬಲಿಯಲಿ" ಎಂಬ ಅದರ ತಂಗಿಗೂ ನಮ್ಮ ಮನೆಯಲ್ಲಿ ತೆತ್ತ ಬೆಲೆಯನ್ನು ನಾನು ಬಲ್ಲೆ.

ನನ್ನ ಅಜ್ಜಿಗೆ ಬಂದದ್ದು ಪೊರೆ. ಅದು ಕಣ್ಣಿನ ಮೇಲೆ ಬೆಳೆಯುವ ತೊಗಲೆಂದು ಹಲವರ ಎಣಿಕೆ. ಹಾಗಲ್ಲ, ಪಾಪೆಯ ಹಿಂದಿರುವ ತಿಳಿಯಾದ ಮಸೂರವೇ, ಬೆಂದ ಮೊಟ್ಟೆಯ ಬಿಳಿಯಂತೆ, ಮಬ್ಬಾಗುತ್ತದೆ. (ಮಡಿಯ ಅಜ್ಜಿಗೆ ಈ ಹೋಲಿಕೆಯನ್ನು ನಾನು ಹೇಳಿಲ್ಲ!) ಮುಪ್ಪು ಮುಖ್ಯ ಕಾರಣ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಪೆಟ್ಟು, ಬಹುಕಾಲ ಸೇವಿಸಿದ ಸ್ಟೀರಾಯ್ಡ್ ಮದ್ದುಗಳೂ ಉಂಟು. ಹನಿಯಿಂದ ಕರಗುವಂಥದಲ್ಲ, ಶಸ್ತ್ರಕ್ರಿಯೆಯೊಂದೇ ದಾರಿ. ಬಲಿತ ಮಸೂರವನ್ನು ತೆಗೆಯುವುದು ಸುಲಭವೆಂದು ಹಿಂದೆ ರೋಗಿಯನ್ನು ಕಾಯಿಸುತ್ತಿದ್ದರು. ತೆಗೆದ ಮೇಲೆ ಸೋಡಾಬುಡ್ಡಿ ಕನ್ನಡಕ. ನಮ್ಮ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹೂಡಿ ಸಾವಿರಾರು ಬಡವರಿಗೆ ಬೆಳಕು ಕೊಡತೊಡಗಿದ್ದು ಆ ಕಾಲದಲ್ಲಿ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲೆ ಎಂಬ ವೈದ್ಯರು ಕಣ್ಣಿನೊಳಗೇ ಕೃತಕ ಮಸೂರವನ್ನು ಕೂರಿಸಿದರು. ಯುದ್ಧಕಾಲದಲ್ಲಿ ವಿಮಾನದ ಪ್ಲಾಸ್ಟಿಕ್ ಮುಚ್ಚಳದ ಚೂರುಗಳು ವೈಮಾನಿಕರ ಕಣ್ಣಿನಲ್ಲಿ ಸಿಕ್ಕಿಕೊಂಡರೂ ಕಣ್ಣು ಕೆರಳದೆ ಇದ್ದುದನ್ನು ಕಂಡು ಹೊಳೆದ ಉಪಾಯವದು! ಈಗ ಸಣ್ಣ ಸೀಳೊಂದರಲ್ಲಿ ಕೆಲಸ ಮುಗಿಯುತ್ತದೆ, ಬಲಿಯುವವರೆಗೆ ಕಾಯಬೇಕಾಗಿಲ್ಲ. ಇದು ತಿಳಿಯದೆ ಅಜ್ಜಿ ಎರಡು ವರ್ಷ ಗೋಡೆ ಹಿಡಿದು ನಡೆದಳು. ಪಟ್ಟಿ ಬಿಚ್ಚಿದ ದಿನ ನನ್ನನ್ನು ನೋಡಿ, "ಎಷ್ಟು ಬಡವಾಗಿದ್ದೀಯೋ!" ಎಂದಳು. ಅವಳು ಕಳೆದುಕೊಂಡದ್ದು ಆ ಎರಡು ವರ್ಷ ಮಾತ್ರ.

ದೊಡ್ಡಪ್ಪನದು ಬೇರೆ ಕಥೆ. ಪತ್ರಿಕೆಯನ್ನೇನೋ ಓದುತ್ತಿದ್ದರು, ಆದರೆ ಬಾಗಿಲ ಚೌಕಟ್ಟು ಭುಜಕ್ಕೆ ತಾಗುತ್ತಿತ್ತು, ಪಕ್ಕದಲ್ಲಿಟ್ಟ ಕಾಫಿಯ ಲೋಟ ಉರುಳುತ್ತಿತ್ತು. "ನೋಡಿಕೊಂಡು ನಡೆಯಬಾರದೆ?" ಎಂದು ದೊಡ್ಡಮ್ಮ ಗದರುತ್ತಿದ್ದರು. ಇವರದೂ ಪೊರೆಯೇ, ಬಲಿಯಲಿ ಎಂದರು ಊರವರು. ಬಲಿಯಿತು. ಅದು ಗ್ಲಾಕೋಮಾ.

ಕಣ್ಣಿನೊಳಗಿನ ದ್ರವ ಸರಾಗವಾಗಿ ಹೊರಹರಿಯದೆ ಒತ್ತಡವೇರಿ, ಮಿದುಳಿಗೆ ನೋಟವನ್ನೊಯ್ಯುವ ನರ ಸವೆಯುವುದೇ ಸಾಮಾನ್ಯವಾಗಿ ಈ ರೋಗದ ರೀತಿ. ಬಹುಮಟ್ಟಿಗೆ ನೋವಿಲ್ಲ. ನೋಟ ಅಂಚಿನಿಂದ ಅಳಿಯುತ್ತ ಬರುತ್ತದೆ. ನಡುವಿನದು ಕಡೆಯವರೆಗೂ ಉಳಿದು ಮನುಷ್ಯನನ್ನು ನಂಬಿಸುತ್ತದೆ. ಹೋದದ್ದು ಮರಳದು. ಹನಿ, ಲೇಸರ್, ಶಸ್ತ್ರಕ್ರಿಯೆ ಎಲ್ಲವೂ ಉಳಿದುದನ್ನು ಕಾಯುವುದಕ್ಕೆ ಮಾತ್ರ. ದೊಡ್ಡಪ್ಪನಲ್ಲಿ ಕಾಯುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ.

ಒಡಹುಟ್ಟಿದವರಿಗೂ ಇದು ಬರುವ ಸಂಭವ ಹೆಚ್ಚೆಂದು ನೇತ್ರವೈದ್ಯರು ಹೇಳಿದ ಮೇಲೆ, "ನನಗೆ ಚೆನ್ನಾಗಿ ಕಾಣಿಸುತ್ತದೆಯಲ್ಲ!" ಎನ್ನುತ್ತಿದ್ದ ಅಪ್ಪನನ್ನು ಹೊರಡಿಸಲು ಎರಡು ತಿಂಗಳು ಹಿಡಿಯಿತು. ಒತ್ತಡ ಅವರಿಗೂ ಹೆಚ್ಚಾಗಿತ್ತು. ನರಕ್ಕೆ ತಗುಲಿದ ಪೆಟ್ಟು ಇನ್ನೂ ಅಲ್ಪ. ಈಗ ದಿನವೂ ರಾತ್ರಿ ಊಟವಾದ ಮೇಲೆ ಅವರ ಕಣ್ಣಿಗೆ ಹನಿ ಹಾಕುವುದು ನನ್ನ ಪಾಲಿನ ಕೆಲಸ. ಗೊಣಗುತ್ತಲೇ ತಲೆ ಹಿಂದಕ್ಕೊರಗಿಸುತ್ತಾರೆ. ಪಕ್ಕದ ಕೋಣೆಯಿಂದ ದೊಡ್ಡಪ್ಪ, "ಹಾಕಿದೆಯೇನೋ?" ಎಂದು ದಿನವೂ ಕೇಳುತ್ತಾರೆ.