ಪರ್ಲ್ ನದಿಯ ಮರಳು, ಷಿಕಾಗೊದ ದಿಬ್ಬ

ಮಿಸಿಸಿಪ್ಪಿ ಎಂದರೆ ಶಾಲೆಯಲ್ಲಿ ಭೂಗೋಳ ಓದಿದವರಿಗೆಲ್ಲ ನೆನಪಾಗುವುದು ಆ ಹೆಸರಿನ ಮಹಾನದಿ. ಅದೇ ಹೆಸರಿನ ರಾಜ್ಯದಲ್ಲಿ ಇನ್ನೊಂದು ನದಿಯೂ ಇದೆ. ಹೆಸರು ಪರ್ಲ್, ಅಂದರೆ ಮುತ್ತು. ರಾಜಧಾನಿ ಜಾಕ್ಸನ್ ನಗರದ ಪಕ್ಕದಲ್ಲೇ ಹಾದು, ದಕ್ಷಿಣಕ್ಕೆ ಇಳಿದು, ಕೊಲಂಬಿಯಾ ಎಂಬ ಸಣ್ಣ ಊರಿನ ಮಗ್ಗುಲಲ್ಲಿ ಹರಿದು ಕೊನೆಗೆ ಸಮುದ್ರ ಸೇರುತ್ತದೆ. ತಿರುವುಗಳಲ್ಲಿ ಮರಳಿನ ದಂಡೆಗಳು. ಹೆಸರಿನಲ್ಲಿ ಮುತ್ತು ಇದ್ದರೂ ಈ ನದಿ ಒಂದು ಊರಿಗೆ ತಂದುಕೊಟ್ಟ ಹೆಸರು ಬಂದದ್ದು ಮರಳಿನಿಂದ.

ಕೊಲಂಬಿಯಾದ ಜನಸಂಖ್ಯೆ ಆರು ಸಾವಿರದ ಆಸುಪಾಸು. 1821ರಲ್ಲಿ ಕೆಲಕಾಲ ಇದು ಮಿಸಿಸಿಪ್ಪಿಯ ರಾಜಧಾನಿಯಾಗಿತ್ತು ಎಂದರೆ ಇಂದು ನೋಡಿದವರು ನಂಬುವುದು ಕಷ್ಟ. ಆ ಪಟ್ಟ ಬಲುಬೇಗ ನದಿಯ ಮೇಲ್ದಂಡೆಯ ಜಾಕ್ಸನ್‌ಗೆ ಹೋಯಿತು. ಕೊಲಂಬಿಯಾಕ್ಕೆ ಉಳಿದದ್ದು ನ್ಯಾಯಾಲಯದ ಕಟ್ಟಡ, ಮರದ ವ್ಯಾಪಾರ, ಒಂದಿಷ್ಟು ಕಾರ್ಖಾನೆ. ಅಂಥ ಒಂದು ಪ್ಯಾರಾಚೂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು ಪೀಟರ್ ಪೇಟನ್. ಅವರ ಹೆಂಡತಿ ಅಲೀನ್. ಮಕ್ಕಳು ಎಡ್ಡಿ, ಪ್ಯಾಮ್, ವಾಲ್ಟರ್. ಈ ವಾಲ್ಟರ್ ಪೇಟನ್ ಮುಂದೆ ಅಮೆರಿಕನ್ ಫುಟ್‌ಬಾಲಿನ ಅತಿದೊಡ್ಡ ಓಟಗಾರನೆನಿಸಿದ.

ಅಮೆರಿಕನ್ ಫುಟ್‌ಬಾಲ್ ಹೆಸರಿಗಷ್ಟೇ ಕಾಲ್ಚೆಂಡು. ಆಟವೆಲ್ಲ ಬಹುಮಟ್ಟಿಗೆ ಕೈಯಲ್ಲಿ. ನೂರು ಗಜದ ಅಂಕಣ, ಕಡೆಗೆ ಹನ್ನೊಂದು ಜನ. ನಾಲ್ಕು ಅವಕಾಶಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕ್ವಾರ್ಟರ್‌ಬ್ಯಾಕ್ ಎಂಬಾತ ಚೆಂಡನ್ನು ಒಂದೋ ದೂರ ಎಸೆಯುತ್ತಾನೆ, ಇಲ್ಲವೇ ಹಿಂದೆ ನಿಂತಿರುವ ಓಟಗಾರನ ಕೈಗೆ ಕೊಡುತ್ತಾನೆ. ಈ ಓಟಗಾರನೇ ರನಿಂಗ್ ಬ್ಯಾಕ್. ನಮ್ಮ ಕಬಡ್ಡಿಯಲ್ಲಿ ರೈಡ್ ಹೋದವನನ್ನು ಏಳು ಜನ ಸುತ್ತುವರಿದರೆ ಇಲ್ಲಿ ಹನ್ನೊಂದು ಜನ, ಒಬ್ಬೊಬ್ಬರೂ ನೂರು ಕಿಲೋ ತೂಗುವವರು, ಓಡಿಬಂದು ಅಪ್ಪಳಿಸುತ್ತಾರೆ. ಕಬಡ್ಡಿಯವನು ತನ್ನ ಗೆರೆಗೆ ಮರಳಿದರೆ ಬಚಾವ್. ಈತ ಎದುರಾಳಿಯ ಗೆರೆಯ ಕಡೆಗೇ ಓಡಬೇಕು. ಹಾಗಾಗಿ ರನಿಂಗ್ ಬ್ಯಾಕ್ ವೃತ್ತಿಯಲ್ಲಿ ಮೂರು ವರ್ಷ ಉಳಿಯುವುದೇ ಕಷ್ಟ ಎನ್ನುವುದು ಆ ಆಟದಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಪೇಟನ್ ಹದಿಮೂರು ವರ್ಷ ಉಳಿದ.

ಆದರೆ ಹುಡುಗ ವಾಲ್ಟರನಿಗೆ ಮೊದಲು ಹಿಡಿದದ್ದು ಡೋಲಿನ ಹುಚ್ಚು. ಶಾಲೆಯ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ. ಫುಟ್‌ಬಾಲ್ ಆಡುತ್ತಿದ್ದವನು ಅಣ್ಣ ಎಡ್ಡಿ. ಇಬ್ಬರೂ ಮಕ್ಕಳು ಮೈದಾನಕ್ಕಿಳಿದರೆ ಇಬ್ಬರ ಕೈಕಾಲಿನ ಚಿಂತೆಯನ್ನೂ ತಾನೇ ಹೊರಬೇಕೆಂದು ತಾಯಿ ಹೆದರಿದ್ದರು. ಅಣ್ಣ ಶಾಲೆ ಮುಗಿಸಿ ಹೊರಟ ಮೇಲೆ ತರಬೇತುದಾರ ಚಾರ್ಲ್ಸ್ ಬೋಸ್ಟನ್ ತಮ್ಮನನ್ನು ಕರೆದರು. ಬ್ಯಾಂಡ್ ಬಿಡುವುದಿಲ್ಲ ಎಂಬ ಷರತ್ತಿನ ಮೇಲೆ ವಾಲ್ಟರ್ ಒಪ್ಪಿಕೊಂಡ.

ಆ ಶಾಲೆಯ ಹೆಸರು ಜೆಫರ್ಸನ್ ಹೈಸ್ಕೂಲ್. ಕಪ್ಪು ಮಕ್ಕಳಿಗೆ ಮಾತ್ರ ಮೀಸಲಾದ ಶಾಲೆ. ಬಿಳಿಯ ಮಕ್ಕಳು ಕೊಲಂಬಿಯಾ ಹೈಸ್ಕೂಲಿಗೆ ಹೋಗುತ್ತಿದ್ದರು. ಇಂಥ ಪ್ರತ್ಯೇಕ ಶಾಲೆಗಳು ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1954ರಲ್ಲಿ. ಮಿಸಿಸಿಪ್ಪಿ ಹದಿನೈದು ವರ್ಷ ಕಾಲ ತಳ್ಳಿತು. 1969ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಇನ್ನು ತಡ ಸಲ್ಲದು ಎಂದ ಮೇಲೆ, 1970ರ ಜನವರಿಯಲ್ಲಿ ಎರಡೂ ಶಾಲೆಗಳ ಮಕ್ಕಳು ಒಂದಾದರು. ಅದರ ಬೆಲೆಯನ್ನು ತೆತ್ತವರಲ್ಲಿ ಬೋಸ್ಟನ್ ಒಬ್ಬರು. ಜೆಫರ್ಸನ್‌ನಲ್ಲಿ ಮುಖ್ಯ ತರಬೇತುದಾರರಾಗಿದ್ದವರು ಕೂಡುಶಾಲೆಯಲ್ಲಿ ಬಿಳಿಯ ತರಬೇತುದಾರರ ಕೈಕೆಳಗೆ ಸಹಾಯಕರಾದರು. ಆ ವರ್ಷದ ಶರತ್ಕಾಲದಲ್ಲಿ ಹೊಸ ತಂಡ ಮೈದಾನಕ್ಕಿಳಿದು ವಾಲ್ಟರ್ ಓಡತೊಡಗಿದಾಗ, ಅಲ್ಲಿಯವರೆಗೆ ಒಟ್ಟಿಗೆ ಕೂತು ಆಟ ನೋಡಿರದ ಎರಡು ಬಣ್ಣದ ಜನ ಒಂದೇ ಹುಡುಗನಿಗೆ ಚಪ್ಪಾಳೆ ಹೊಡೆದರು. ಓಟದಿಂದ ಊರು ಬದಲಾಯಿತು ಎಂದು ಹೇಳುವುದು ಸುಲಭ. ಬದಲಾಯಿಸಿದ್ದು ನ್ಯಾಯಾಲಯ. ಓಟ ಅದನ್ನು ಸಹ್ಯವಾಗಿಸಿತು, ಅಷ್ಟೆ.

ಅಣ್ಣ ತಮ್ಮಂದಿರು ನದಿಯ ಮರಳ ದಂಡೆಯಲ್ಲಿ ಓಡುತ್ತಿದ್ದುದು ಈ ವರ್ಷಗಳಲ್ಲಿ, ಮತ್ತು ಮುಂದೆ ಕಾಲೇಜಿನ ರಜೆಗಳಲ್ಲಿ. ಬೇಸಿಗೆಯ ಮಧ್ಯಾಹ್ನ, ಕಾದ ಮರಳು, ಹೂತು ಹೋಗುವ ಪಾದ. ಮರಳಿನಲ್ಲಿ ಓಡಿದವನಿಗೆ ಗಟ್ಟಿ ನೆಲದ ಮೇಲೆ ಕಾಲು ಹಗುರವಾಗುತ್ತದೆ. ಮರಳಿನಲ್ಲಿ ದಿಕ್ಕು ಬದಲಾಯಿಸಲು ಕಲಿತವನನ್ನು ಹುಲ್ಲಿನ ಮೇಲೆ ಹಿಡಿಯುವುದು ಸುಲಭವಲ್ಲ. ಜಿಮ್ ಇಲ್ಲದ ಊರಿನ ಹುಡುಗರು ಕಂಡುಕೊಂಡ ಉಪಾಯ ಇದು.

ಆ ದಿನಗಳಲ್ಲಿ ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳು ಕಪ್ಪು ಆಟಗಾರರಿಗೆ ಬಾಗಿಲನ್ನು ಒಂದು ಗೇಣು ಮಾತ್ರ ತೆರೆದಿದ್ದವು. ಅವುಗಳ ದೊಡ್ಡ ಒಕ್ಕೂಟದಿಂದ ವಾಲ್ಟರನಿಗೆ ಒಂದು ಕರೆಯೂ ಬರಲಿಲ್ಲ. ಅಣ್ಣನಿದ್ದ ಜಾಕ್ಸನ್ ಸ್ಟೇಟ್‌ಗೆ 1971ರಲ್ಲಿ ಸೇರಿದ. ಅಂದರೆ ನದಿಯ ಜಾಡಿನಲ್ಲೇ ಸುಮಾರು 130 ಕಿ.ಮೀ. ಮೇಲಕ್ಕೆ.

ಜಾಕ್ಸನ್ ಸ್ಟೇಟ್ 1877ರಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದವರ ಶಿಕ್ಷಣಕ್ಕೆಂದು ಹುಟ್ಟಿದ ಸಂಸ್ಥೆ. ವಾಲ್ಟರ್ ಕಾಲಿಟ್ಟಾಗ ಅಲ್ಲಿಯ ಗಾಯ ಇನ್ನೂ ಹಸಿಯಾಗಿತ್ತು. 1970ರ ಮೇ 14ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಪೊಲೀಸರು ಕ್ಯಾಂಪಸ್ಸಿನೊಳಗೆ, ಲಿಂಚ್ ಸ್ಟ್ರೀಟ್ ಮೇಲೆ ನಿಂತು, ವಿದ್ಯಾರ್ಥಿನಿಯರ ಹಾಸ್ಟೆಲ್ ಅಲೆಗ್ಸಾಂಡರ್ ಹಾಲ್ ಕಡೆ ಅರ್ಧ ನಿಮಿಷದಲ್ಲಿ ನಾನೂರಕ್ಕೂ ಹೆಚ್ಚು ಗುಂಡು ಹಾರಿಸಿದರು. ಕಾಲೇಜು ವಿದ್ಯಾರ್ಥಿ ಫಿಲಿಪ್ ಗಿಬ್ಸ್ ಮತ್ತು ಹೈಸ್ಕೂಲ್ ಹುಡುಗ ಜೇಮ್ಸ್ ಅರ್ಲ್ ಗ್ರೀನ್ ಸತ್ತರು. ಗೋಡೆಯ ಮೇಲಿನ ಗುಂಡಿನ ಗುರುತುಗಳು ದಶಕಗಳ ಕಾಲ ಉಳಿದವು. ಆ ವರ್ಷದ ಪದವಿ ಪ್ರದಾನ ಸಮಾರಂಭವೇ ನಡೆಯಲಿಲ್ಲ. 1970ರ ತಂಡದವರಿಗೆ ಗೌನು ತೊಟ್ಟು ವೇದಿಕೆ ಏರುವ ಅವಕಾಶ ಸಿಕ್ಕಿದ್ದು 2021ರ ಮೇ ತಿಂಗಳಲ್ಲಿ, ಐವತ್ತೊಂದು ವರ್ಷ ತಡವಾಗಿ. ಗಿಬ್ಸ್ ಮತ್ತು ಗ್ರೀನ್ ಪದವಿಗಳನ್ನು ಅವರ ಕುಟುಂಬದವರು ಪಡೆದರು. ಗುಂಡು ಹಾರಿದ ರಸ್ತೆ ಈಗ ವಾಹನಗಳಿಲ್ಲದ ಚೌಕ. ಅದಕ್ಕೆ ಆ ಇಬ್ಬರದೇ ಹೆಸರು.

ಈ ಕ್ಯಾಂಪಸ್ಸಿನಲ್ಲಿ ಪೇಟನ್ ನಾಲ್ಕು ಋತು ಆಡಿ 3,500 ಗಜಕ್ಕೂ ಹೆಚ್ಚು ಓಡಿದ. ತರಬೇತುದಾರ ಬಾಬ್ ಹಿಲ್ ಕಲಿಸಿದ ಒಂದು ಪಾಠ ಆತನ ಆಟದ ಗುರುತಾಯಿತು. ಎದುರಾಳಿ ಮೈಮೇಲೆ ಬರುವಾಗ ಗೆರೆಯಾಚೆ ಹೆಜ್ಜೆಯಿಟ್ಟು ತಪ್ಪಿಸಿಕೊಳ್ಳುವುದು ಓಟಗಾರರ ರೂಢಿ. ಪೇಟನ್ ಗೆರೆಯಾಚೆ ಹೋಗುತ್ತಿರಲಿಲ್ಲ, ತಿರುಗಿ ಡಿಕ್ಕಿ ಹೊಡೆಯುತ್ತಿದ್ದ. ಒಂದೇ ಕಾಲದಲ್ಲಿ ಅಲ್ಲಿದ್ದ ಪೇಟನ್, ರಾಬರ್ಟ್ ಬ್ರೆಜಿಲ್, ಜಾಕಿ ಸ್ಲೇಟರ್ ಮೂವರೂ ಮುಂದೆ ವೃತ್ತಿ ಫುಟ್‌ಬಾಲಿನ ಕೀರ್ತಿಭವನ ಸೇರಿದರು. ಆದರೂ ಕಾಲೇಜು ಆಟಗಾರರ ಅತಿದೊಡ್ಡ ಗೌರವವಾದ ಹೈಸ್‌ಮನ್ ಟ್ರೋಫಿ 1974ರಲ್ಲಿ ಒಹಾಯೊ ಸ್ಟೇಟ್‌ನ ಆರ್ಚಿ ಗ್ರಿಫಿನ್‌ಗೆ ಹೋಯಿತು. ಸಣ್ಣ ಕಾಲೇಜಿನ ಆಟ ಟಿ.ವಿ.ಯಲ್ಲಿ ಬರುತ್ತಿರಲಿಲ್ಲ, ನೋಡದವರು ಮತ ಹಾಕುವುದು ಹೇಗೆ?

ಕಾಲೇಜಿನ ಮಾತು ಬಂದಾಗ ಒಂದು ಸಂಗತಿಯನ್ನು ತಂದೆತಾಯಂದಿರು ಗಮನಿಸಬೇಕು. ಅಮೆರಿಕದಲ್ಲಿ ವೃತ್ತಿ ಫುಟ್‌ಬಾಲಿಗೆ ಹೋಗುವ ಮುಖ್ಯ ದಾರಿ ಕಾಲೇಜು. ಹೈಸ್ಕೂಲ್ ಬಿಟ್ಟು ಮೂರು ವರ್ಷವಾಗದೆ ಯಾರನ್ನೂ ರಾಷ್ಟ್ರೀಯ ಲೀಗ್ ತೆಗೆದುಕೊಳ್ಳುವಂತಿಲ್ಲ. ಆಟಗಾರನಿಗೆ ಶುಲ್ಕ, ವಸತಿ, ಊಟ ವಿದ್ಯಾರ್ಥಿವೇತನದಲ್ಲಿ ಸಿಗುತ್ತದೆ. ಪೇಟನ್ ಕಾಲದಲ್ಲಿ ಅದರಾಚೆ ಬಿಡಿಗಾಸೂ ಇರಲಿಲ್ಲ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಸಂಪಾದಿಸಬಹುದಾಯಿತು, 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದಾಯಿತು. ಹಣ ಬಂದರೂ ಲೆಕ್ಕ ಬದಲಾಗಿಲ್ಲ. ಕಾಲೇಜು ಆಟಗಾರರಲ್ಲಿ ವೃತ್ತಿ ಲೀಗ್ ತಲುಪುವವರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಉಳಿದವರ ಕೈಯಲ್ಲಿರುವುದು ಓದಿದ್ದರೆ ಪದವಿ, ಓದದಿದ್ದರೆ ಮೊಣಕಾಲು ನೋವು. ಪೇಟನ್ ಪದವಿ ಮುಗಿಸಿದ, ಕಿವುಡ ಮಕ್ಕಳ ಶಿಕ್ಷಣದ ಬಗ್ಗೆ ಮುಂದಿನ ಓದನ್ನೂ ಆರಂಭಿಸಿದ್ದ. ವೃತ್ತಿ ಕೈಕೊಟ್ಟಿದ್ದರೆ ಮೇಷ್ಟರಾಗುವ ಸಿದ್ಧತೆ ಅದು.

1975ರಲ್ಲಿ ಷಿಕಾಗೊ ಬೇರ್ಸ್ ತಂಡ ಆತನನ್ನು ದೇಶದಲ್ಲೇ ನಾಲ್ಕನೆಯವನಾಗಿ ಆರಿಸಿಕೊಂಡಿತು. ಷಿಕಾಗೊ ಎಂದರೆ ನಮಗೆ 1893ರ ವಿವೇಕಾನಂದರ ಭಾಷಣ. ಆ ಭಾಷಣ ನಡೆದ ಕಟ್ಟಡದಿಂದ ಸರೋವರದ ದಂಡೆಗುಂಟ ದಕ್ಷಿಣಕ್ಕೆ ಒಂದೆರಡು ಕಿ.ಮೀ. ನಡೆದರೆ ಸೋಲ್ಜರ್ ಫೀಲ್ಡ್ ಎದುರಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಮಡಿದ ಸೈನಿಕರ ನೆನಪಿನ ಕ್ರೀಡಾಂಗಣ. ಎರಡೂ ಬದಿಗೆ ಗ್ರೀಕ್ ದೇಗುಲದಂಥ ಕಂಬಸಾಲು. ಮಿಷಿಗನ್ ಸರೋವರದಿಂದ ಬೀಸುವ ಗಾಳಿಗೆ ಡಿಸೆಂಬರ್‌ನಲ್ಲಿ ಬೆರಳು ಮರಗಟ್ಟುತ್ತದೆ. ಪೇಟನ್ ಆಡಿದ ಅಷ್ಟೂ ವರ್ಷ ಅಲ್ಲಿದ್ದುದು ಕೃತಕ ಹುಲ್ಲು, ಗಟ್ಟಿ ನೆಲದ ಮೇಲೆ ಹಾಸಿದ ರತ್ನಗಂಬಳಿ ಇದ್ದಂತೆ. ಮರಳಿನಲ್ಲಿ ಬೆಳೆದ ಕಾಲಿಗೆ ಎಂಥ ವ್ಯತ್ಯಾಸ!

ಮೊದಲ ಪಂದ್ಯದಲ್ಲಿ ಎಂಟು ಬಾರಿ ಚೆಂಡು ಹಿಡಿದು ಓಡಿದ. ಒಟ್ಟು ಗಳಿಕೆ ಸೊನ್ನೆ ಗಜ. ಆ ವರ್ಷ ಗಾಯದ ಕಾರಣ ಒಂದು ಪಂದ್ಯ ತಪ್ಪಿತು. ವೃತ್ತಿಜೀವನದಲ್ಲಿ ಗಾಯಕ್ಕಾಗಿ ಹೊರಗೆ ಕೂತದ್ದು ಅದೊಂದೇ. 1977ರ ನವೆಂಬರ್ 20ರಂದು ಜ್ವರದಲ್ಲಿ ನಡುಗುತ್ತಲೇ ಮಿನ್ನೆಸೋಟ ವಿರುದ್ಧ 275 ಗಜ ಓಡಿದ. ಒಂದೇ ಪಂದ್ಯದ ಆ ದಾಖಲೆ 2000ದವರೆಗೆ ನಿಂತಿತು. 1984ರ ಅಕ್ಟೋಬರ್ 7ರಂದು, ಜಿಮ್ ಬ್ರೌನ್‌ನ ಜೀವಮಾನದ 12,312 ಗಜದ ದಾಖಲೆಯನ್ನು ಇದೇ ಸೋಲ್ಜರ್ ಫೀಲ್ಡ್‌ನಲ್ಲಿ ದಾಟಿದ. ಬ್ರೌನ್ ಅದನ್ನು ಒಂಬತ್ತೇ ವರ್ಷದಲ್ಲಿ ಗಳಿಸಿದ್ದ ಎಂಬುದನ್ನೂ ಹೇಳಬೇಕು.

ಪೇಟನ್‌ನ ಒಟ್ಟು ಓಟ 16,726 ಗಜ. ಕಿಲೋಮೀಟರಿನಲ್ಲಿ ಹದಿನೈದಕ್ಕೆ ಸ್ವಲ್ಪ ಹೆಚ್ಚು. ಹೆಚ್ಚುಕಡಿಮೆ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕಿರುವ ದೂರ. ಇಷ್ಟಕ್ಕೆ ಹದಿಮೂರು ವರ್ಷವೇ ಎಂದು ನಗಬಹುದು. ಆದರೆ ಆತ ಚೆಂಡು ಹಿಡಿದು ಹೊರಟದ್ದು 3,838 ಬಾರಿ. ಅಂದರೆ ಸರಾಸರಿ ನಾಲ್ಕು ಮೀಟರಿಗೊಮ್ಮೆ ಯಾರೋ ಬಂದು ನೆಲಕ್ಕೆ ಕೆಡವಿದ್ದಾರೆ. ಮತ್ತೆ ಎದ್ದು ಮುಂದಿನ ನಾಲ್ಕು ಮೀಟರ್.

ಇದಕ್ಕೆ ದೇಹವನ್ನು ಸಜ್ಜುಗೊಳಿಸಲು ಷಿಕಾಗೊದಲ್ಲಿ ನದಿಯ ಮರಳು ಎಲ್ಲಿಂದ ಬರಬೇಕು? ನಗರದ ವಾಯವ್ಯಕ್ಕೆ ಆರ್ಲಿಂಗ್ಟನ್ ಹೈಟ್ಸ್ ಎಂಬ ಉಪನಗರವಿದೆ. ಬಟ್ಟಲು ತಿರುವಿಟ್ಟಂತೆ ಸಪಾಟಾದ ಆ ಸೀಮೆಯಲ್ಲಿ ಒಂದು ದಿಬ್ಬ, ಸುಮಾರು ತೊಂಬತ್ತು ಅಡಿ ಎತ್ತರ. ದೇವರು ಮಾಡಿದ್ದಲ್ಲ, ಊರಿನ ಕಸ ಸುರಿದು ಮಣ್ಣು ಮುಚ್ಚಿದ್ದು. ಬೇಸಿಗೆಯ ರಜೆಯಲ್ಲಿ ಪೇಟನ್ ಈ ಕಸದ ಗುಡ್ಡವನ್ನು ಓಡುತ್ತ ಹತ್ತುತ್ತಿದ್ದ, ಇಳಿಯುತ್ತಿದ್ದ, ಮತ್ತೆ ಹತ್ತುತ್ತಿದ್ದ. ಜೊತೆಗೆ ಓಡಲು ಬಂದ ಕಟ್ಟುಮಸ್ತಾದ ಆಟಗಾರರು ಅರ್ಧದಲ್ಲೇ ಮುಗ್ಗರಿಸಿ ಕೂತ ಕಥೆಗಳು ಬೇಕಾದಷ್ಟಿವೆ.

1986ರ ಜನವರಿ 26ರಂದು ಬೇರ್ಸ್ ತಂಡ ನ್ಯೂ ಆರ್ಲಿಯನ್ಸ್‌ನಲ್ಲಿ 46-10ರಿಂದ ಸೂಪರ್ ಬೌಲ್ ಗೆದ್ದಿತು. ಪರ್ಲ್ ನದಿ ಕೊನೆಯಾಗುವ ಜಾಗಕ್ಕೆ ಬಹಳ ದೂರವೇನಲ್ಲ ಆ ನಗರ. ಹನ್ನೊಂದು ವರ್ಷ ತಂಡವನ್ನು ಹೆಗಲ ಮೇಲೆ ಹೊತ್ತವನಿಗೆ ಆ ದಿನ ಒಂದು ಟಚ್‌ಡೌನ್ ಕೂಡ ದಕ್ಕಲಿಲ್ಲ. ಗೆರೆಯ ಹತ್ತಿರ ಬಂದಾಗ ಚೆಂಡನ್ನು, 'ರೆಫ್ರಿಜರೇಟರ್' ಎಂದು ಕರೆಯುತ್ತಿದ್ದ ಭಾರಿ ಗಾತ್ರದ ಹೊಸ ಹುಡುಗ ವಿಲಿಯಂ ಪೆರಿಗೆ ಕೊಡಲಾಯಿತು. ಅದು ತಪ್ಪಾಯಿತು ಎಂದು ತರಬೇತುದಾರ ಮೈಕ್ ಡಿಟ್ಕಾ ಆಮೇಲೆ ಎಷ್ಟೋ ಬಾರಿ ಹೇಳಿಕೊಂಡರು. 1988ರ ಜನವರಿ 10ರಂದು ಕೊನೆಯ ಪಂದ್ಯವನ್ನು ಸೋತ ಮೇಲೆ, ಕ್ರೀಡಾಂಗಣ ಖಾಲಿಯಾಗುತ್ತಿದ್ದರೂ ಪೇಟನ್ ಬೆಂಚಿನ ಮೇಲೆ ತಲೆತಗ್ಗಿಸಿ ಒಬ್ಬನೇ ಕೂತಿದ್ದ.

ಮುಂದಿನ ವರ್ಷಗಳು ಅಷ್ಟು ಹಸನಾಗಿರಲಿಲ್ಲ. ತಂಡವೊಂದರ ಒಡೆಯನಾಗುವ ಪ್ರಯತ್ನ ಕೈಗೂಡಲಿಲ್ಲ. ನೋವಿನ ಮಾತ್ರೆ, ಖಿನ್ನತೆಯ ವಿಷಯವನ್ನು ಜೆಫ್ ಪರ್ಲ್‌ಮನ್ 2011ರ ಜೀವನಚರಿತ್ರೆಯಲ್ಲಿ ಬರೆದಾಗ ಅಭಿಮಾನಿಗಳು ಸಿಟ್ಟಾದರು. 1993ರಲ್ಲಿ ಕೀರ್ತಿಭವನದ ವೇದಿಕೆಯಲ್ಲಿ ಪರಿಚಯಭಾಷಣ ಮಾಡಿದವನು ಹನ್ನೆರಡು ವರ್ಷದ ಮಗ ಜ್ಯಾರೆಟ್. 1999ರ ಫೆಬ್ರವರಿಯಲ್ಲಿ ಪೇಟನ್ ತನಗೆ ಯಕೃತ್ತಿನ ಅಪರೂಪದ ಕಾಯಿಲೆಯೆಂದು, ಬದುಕಲು ಕಸಿ ಬೇಕೆಂದು ಕಣ್ಣೀರಿಡುತ್ತ ಹೇಳಿದ. ಪಿತ್ತನಾಳದ ಕ್ಯಾನ್ಸರ್ ಕಾಣಿಸಿಕೊಂಡು ಕಸಿಯ ದಾರಿಯೂ ಮುಚ್ಚಿತು. ಅಂಗದಾನ ಮಾಡಿ ಎಂದು ಜನರನ್ನು ಕೇಳಿಕೊಂಡ, ತನಗಾಗಿಯಲ್ಲ. ನವೆಂಬರ್ 1ರಂದು, ಐವತ್ತು ಮುಟ್ಟುವ ಮೊದಲೇ ತೀರಿಕೊಂಡ.

ದಾಖಲೆಯನ್ನು 2002ರ ಅಕ್ಟೋಬರ್‌ನಲ್ಲಿ ಡಲ್ಲಾಸ್‌ನ ಎಮಿಟ್ ಸ್ಮಿತ್ ಮುರಿದ. ಪದವಿ ಮುಗಿಯದೆ ವೃತ್ತಿಗೆ ಹೋಗಿದ್ದ ಸ್ಮಿತ್, ತಾಯಿಗೆ ಕೊಟ್ಟ ಮಾತಿನಂತೆ 1996ರಲ್ಲಿ, ಮೂರು ಸೂಪರ್ ಬೌಲ್ ಗೆದ್ದ ಮೇಲೆ, ಫ್ಲಾರಿಡ ವಿಶ್ವವಿದ್ಯಾಲಯದ ಪದವಿ ಪಡೆದ. ಅಣ್ಣ ಎಡ್ಡಿ ಜಾಕ್ಸನ್ ಸ್ಟೇಟ್‌ಗೆ ಮರಳಿ, ಮೂರು ದಶಕ ಅಲ್ಲಿಯ ಗಾಲ್ಫ್ ತಂಡಕ್ಕೆ ತರಬೇತಿ ಕೊಟ್ಟ. ಷಿಕಾಗೊ ನಗರ 2000ದಲ್ಲಿ ತೆರೆದ ಸರ್ಕಾರಿ ಹೈಸ್ಕೂಲೊಂದಕ್ಕೆ ವಾಲ್ಟರ್ ಪೇಟನ್ ಹೆಸರಿಟ್ಟಿತು. ಪ್ರವೇಶ ಪರೀಕ್ಷೆ ಬರೆದು ಸೇರಬೇಕಾದ ಶಾಲೆ, ಇಲಿನಾಯ್ ರಾಜ್ಯದಲ್ಲೇ ಅತ್ಯುತ್ತಮವಾದವುಗಳಲ್ಲಿ ಒಂದೆಂಬ ಹೆಸರು. ಅಲ್ಲಿಗೆ ಸೇರಲು ಮಕ್ಕಳು ತಲೆಕೆಡಿಸಿಕೊಳ್ಳುವುದು ಗಣಿತಕ್ಕೆ, ಫುಟ್‌ಬಾಲಿಗಲ್ಲ.

ಆರ್ಲಿಂಗ್ಟನ್ ಹೈಟ್ಸ್‌ನ ಕಸದ ಗುಡ್ಡ ಈಗ ಹಸಿರು ಹೊದ್ದ ಗಾಲ್ಫ್ ಮೈದಾನ. ಆತ ಓಡಿದ ಇಳಿಜಾರನ್ನು ತೋರಿಸುವ ಒಂದು ಫಲಕ ಅಲ್ಲಿದೆ.